ಕಾರ್ಡಿನ ತುಂಬ ಐದು ಬಿದ್ದವರು ಮತ್ತೆ ಬರುವುದಿಲ್ಲ

ಪ್ರಶ್ನೆ: ಸೋಮವಾರಪೇಟೆ ಕಡೆಯ ಕಾಫಿ ತೋಟವೊಂದರಲ್ಲಿ ನಾವು ಎಂಟು ಮಂದಿ ಸ್ನೇಹಿತರು ಸೇರಿ ಮೋಟಾರ್‌ಸೈಕಲ್ ಟ್ರಯಲ್ಸ್ ಸ್ಪರ್ಧೆ ನಡೆಸುತ್ತಿದ್ದೇವೆ. ಹೋದ ವರ್ಷ 31 ಸವಾರರು ಬಂದಿದ್ದರು. ಈ ವರ್ಷ ಏಪ್ರಿಲ್‌ನಲ್ಲಿ ನಡೆಸಿದಾಗ ಬಂದವರು 12 ಮಂದಿ. ಎರಡು ಸಲವೂ ಅವೇ ಹತ್ತು ಸೆಕ್ಷನ್‌ಗಳು. ಮೂರನೆಯದು ತೋಡಿನ (ಸಣ್ಣ ಹಳ್ಳದ) ಕಲ್ಲು ಹತ್ತಿ, ಬಲಕ್ಕೆ ತಿರುಗಿ, ಬರೆ (ಕಡಿದಾದ ದಿಬ್ಬ) ಏರುವಂಥದ್ದು. ನೋಡಿದವರೆಲ್ಲ ಕೊಂಡಾಡಿದ ಸೆಕ್ಷನ್ ಅದು, ಆದರೆ ದಾಟಿದವರು ಇಬ್ಬರೇ. ಬಹುಮಾನದ ಮೊತ್ತ ಹೆಚ್ಚಿಸಿದರೆ ಸವಾರರು ಬರುತ್ತಾರೆಯೇ? ಅಥವಾ ನಮ್ಮ ಊರಿಗೆ ಈ ಕ್ರೀಡೆಯೇ ಹೊಂದುವುದಿಲ್ಲವೇ?

ಉತ್ತರ: ಬಹುಮಾನದ ವಿಚಾರಕ್ಕೆ ಹೋಗುವ ಮೊದಲು ಒಂದು ಕೆಲಸ ಮಾಡಿ. ಹೋದ ವರ್ಷದ ಅಂಕದ ಕಾರ್ಡುಗಳು ಉಳಿದಿದ್ದರೆ ಅವನ್ನು ಮೇಜಿನ ಮೇಲೆ ಹರಡಿ. ಗೆದ್ದ ಮೂವರ ಕಾರ್ಡುಗಳನ್ನು ಪಕ್ಕಕ್ಕಿಟ್ಟು, ಉಳಿದ 28ರಲ್ಲಿ ಐದರ ಸಾಲಿಗೆ ಬಿದ್ದ ತೂತುಗಳನ್ನು ಎಣಿಸಿ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಸವಾರರು ಬಾರದಿರುವುದಕ್ಕೆ ಹಣದ ಕೊರತೆ ಕಾರಣ ಎಂದು ನನಗೆ ಅನ್ನಿಸುವುದಿಲ್ಲ. ಸ್ಪರ್ಧೆ ಅವರಿಗಾಗಿ ಹಾಕಿದ್ದಾಗಿರಲಿಲ್ಲ, ಅಷ್ಟೇ.

ಈ ಆಟ ತಿಳಿಯದ ಓದುಗರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆಯಿಲ್ಲ. ಕಲ್ಲು, ಬೇರು, ಕೆಸರು, ಏರು ಇರುವ ಸಣ್ಣ ದಾರಿಗೆ ಎರಡೂ ಬದಿ ಟೇಪ್ ಕಟ್ಟಿ ಗುರುತು ಮಾಡುತ್ತಾರೆ; ಅದೇ ಸೆಕ್ಷನ್. ಕಾಲು ಊರದೆ ದಾಟಿದರೆ ಸೊನ್ನೆ, ಒಮ್ಮೆ ಊರಿದರೆ ಒಂದು, ಎರಡು ಸಲ ಊರಿದರೆ ಎರಡು, ಮೂರು ಅಥವಾ ಹೆಚ್ಚು ಸಲ ಊರಿದರೆ ಮೂರು. ಬಿದ್ದರೆ, ಟೇಪಿನ ಹೊರಗೆ ಹೋದರೆ, ದಾಟಲಾಗದಿದ್ದರೆ ಐದು. ಕೊನೆಯಲ್ಲಿ ಯಾರ ಅಂಕ ಕಡಿಮೆಯೋ ಅವರು ಗೆದ್ದಂತೆ. ಪ್ರತಿ ಸೆಕ್ಷನ್‌ನಲ್ಲಿ ನಿಂತು ಕಾಲು ಎಣಿಸುವವರನ್ನು ಅಬ್ಸರ್ವರ್ ಎನ್ನುತ್ತಾರೆ. ಸವಾರನ ಕಾರ್ಡಿಗೆ ತೂತು ಹೊಡೆಯುವವರೂ ಅವರೇ.

ಕೆಲವು ವರ್ಷಗಳ ಹಿಂದೆ ನಾನೇ ಸೆಕ್ಷನ್ ಹಾಕಿದ ಒಂದು ಸ್ಪರ್ಧೆಗೆ ಕುಟ್ಟದ ಕಡೆಯಿಂದ ಒಬ್ಬ ಹುಡುಗ ಹಳೆಯ ಆರ್‌ಎಕ್ಸ್ 100 ಏರಿ ಬಂದಿದ್ದ. ಕತ್ತಲಿರುವಾಗಲೇ ಮನೆ ಬಿಟ್ಟಿದ್ದ. ಕನ್ನಡಿ, ಇಂಡಿಕೇಟರ್ ಎಲ್ಲ ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡ. ಮೊದಲ ಸುತ್ತಿನ ಹತ್ತರಲ್ಲಿ ಒಂಬತ್ತು ಕಡೆ ಐದು. ಎರಡನೆಯ ಸುತ್ತಿನ ನಾಲ್ಕನೆಯ ಸೆಕ್ಷನ್ ಮುಗಿಸಿ ಗಾಡಿ ಆರಿಸಿದ. ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡು, ಅಬ್ಸರ್ವರ್‌ಗೆ ಕೈಮುಗಿದು, ಕನ್ನಡಿಗಳನ್ನು ಮತ್ತೆ ಕೂರಿಸಿಕೊಂಡು ಹೊರಟುಹೋದ. ಅವನಿಗೆ ಸವಾರಿ ಬರುತ್ತಿತ್ತು; ತಿರುವಿನಲ್ಲಿ ಕ್ಲಚ್ ಹಿಡಿಯುವ ಬೆರಳನ್ನು ನೋಡಿದರೇ ಗೊತ್ತಾಗುತ್ತಿತ್ತು. ಆದರೆ ನಾನು ಹಾಕಿದ ಸೆಕ್ಷನ್‌ಗಳು ಅಂದು ಬಂದಿದ್ದ ಅತ್ಯುತ್ತಮ ಸವಾರನನ್ನು ಸೋಲಿಸುವುದಕ್ಕೆ ಹಾಕಿದವು. ಆ ಹುಡುಗನನ್ನು ಮತ್ತೆ ಯಾವ ಸ್ಪರ್ಧೆಯಲ್ಲೂ ನಾನು ಕಾಣಲಿಲ್ಲ. ಇಂದಿಗೂ ಸೆಕ್ಷನ್ ಹಾಕುವಾಗ ಟೇಪ್ ಸುರುಳಿ ಕೈಗೆತ್ತಿಕೊಂಡರೆ ಆ ಮಡಿಸಿದ ಕಾರ್ಡು ನೆನಪಾಗುತ್ತದೆ.

ಈಗ ನಿಮ್ಮ ಮೂರನೆಯ ಸೆಕ್ಷನ್‌ಗೆ ಬರೋಣ. ಅದನ್ನು ಕೈಬಿಡಬೇಡಿ. ಅದೇ ಜಾಗದಲ್ಲಿ ಮೂರು ದಾರಿ ಮಾಡಿ, ಉಳಿದ ಸೆಕ್ಷನ್‌ಗಳಲ್ಲೂ ಹೀಗೆಯೇ. ಕಲ್ಲಿನ ನೆತ್ತಿಯ ಮೇಲೆ ಹೋಗಿ ಬಲಕ್ಕೆ ತಿರುಗುವ ಈಗಿನ ದಾರಿಗೆ ಕೆಂಪು ಬಾಣ ಹಾಕಿ. ಅದು ನಿಮ್ಮ ಆ ಇಬ್ಬರಿಗೆ ಇರಲಿ. ಕಲ್ಲಿನ ಎಡ ಮಗ್ಗುಲಲ್ಲಿ, ಚಕ್ರ ಅರ್ಧ ಅಡಿ ಮಾತ್ರ ಏರಬೇಕಾದ ಕಡೆ ನೀಲಿ ಬಾಣ. ಕಲ್ಲನ್ನು ಮುಟ್ಟದೆ ಅದರ ಸುತ್ತ ಬಳಸಿ, ಬರೆಯನ್ನು ಅಡ್ಡಲಾಗಿ ಏರುವ ದಾರಿಗೆ ಹಳದಿ. ಮೂವರೂ ಒಂದೇ ಬಾಗಿಲಿನಿಂದ ಒಳಗೆ ಬಂದು ಒಂದೇ ಬಾಗಿಲಿನಿಂದ ಹೊರಗೆ ಹೋಗುತ್ತಾರೆ. ಅಬ್ಸರ್ವರ್ ಒಬ್ಬರೇ ಸಾಕು. ಹಳದಿ ದಾರಿಯಲ್ಲಿ ಹೋದವನು ಕೆಂಪು ದಾರಿಯವನನ್ನು ಎರಡು ಮಾರು ದೂರದಿಂದ ನೋಡಿ ಕಲಿಯುತ್ತಾನೆ. ಮುಂದಿನ ವರ್ಷ ನೀಲಿಗೆ ಬರಬೇಕು ಎಂಬ ಆಸೆ ಹುಟ್ಟುವುದು ಅಲ್ಲಿಯೇ. ಹೊಸಬರಿಗೆಂದು ತೋಟದ ಇನ್ನೊಂದು ಮೂಲೆಯಲ್ಲಿ ಬೇರೆ ಸೆಕ್ಷನ್ ಹಾಕಿದರೆ ಈ ಕಲಿಕೆ ಆಗುವುದಿಲ್ಲ. ಅವರು ತಮ್ಮನ್ನು ದೂರ ಕೂರಿಸಿದರು ಎಂದೇ ಭಾವಿಸುತ್ತಾರೆ.

ಹಳದಿ ದಾರಿ ಎಷ್ಟು ಸುಲಭವಿರಬೇಕು? ನನ್ನ ಅಳತೆ ಹೀಗಿದೆ. ಹತ್ತು ಸೆಕ್ಷನ್, ಮೂರು ಸುತ್ತು ಎಂದರೆ ಒಟ್ಟು ಮೂವತ್ತು ಸವಾರಿ. ಆ ವರ್ಗದ ನಡುವಿನ ಸವಾರ ದಿನದ ಕೊನೆಗೆ ಮೂವತ್ತರಿಂದ ನಲವತ್ತು ಅಂಕ ಕಳೆದುಕೊಂಡಿರಬೇಕು, ಅಂದರೆ ಸೆಕ್ಷನ್ ಒಂದಕ್ಕೆ ಒಂದು ಅಂಕ ಅಥವಾ ಅದಕ್ಕಿಂತ ತುಸು ಹೆಚ್ಚು. ತೀರಾ ಕೊನೆಯವನೂ ಹತ್ತರಲ್ಲಿ ಏಳೆಂಟು ಸೆಕ್ಷನ್‌ಗಳನ್ನು ಕಾಲೂರುತ್ತಲೇ ಆದರೂ ದಾಟಿರಬೇಕು. ಮೂರು ಬಿದ್ದಲ್ಲಿ ಮುಂದಿನ ಸುತ್ತಿಗೆ ಎರಡು ತರಬಹುದು, ಎರಡನ್ನು ಒಂದಕ್ಕೆ ಇಳಿಸಬಹುದು. ಅದೇ ಅವನನ್ನು ಸಂಜೆಯವರೆಗೆ ಹಿಡಿದಿಡುತ್ತದೆ. ಐದರಲ್ಲಿ ಆ ಏಣಿ ಇಲ್ಲ. ಎಲ್ಲರಿಗೂ ಸುಲಭವಾಗಿ ಇಬ್ಬರ ಅಂಕ ಸಮವಾದರೆ ಹೆಚ್ಚು ಸೊನ್ನೆ ಪಡೆದವರು ಮೇಲೆ ಎಂಬ ವಾಡಿಕೆ ಇದ್ದೇ ಇದೆ. ಸಮ ಬಂದೀತೆಂಬ ಭಯಕ್ಕೆ ಕಷ್ಟ ಹೆಚ್ಚಿಸಬೇಡಿ.

ಸೆಕ್ಷನ್ ಹಾಕಿದ ಮೇಲೆ ನಿಮ್ಮಲ್ಲಿ ಚೆನ್ನಾಗಿ ಓಡಿಸುವವನನ್ನು ಪರೀಕ್ಷೆಗೆ ಕಳುಹಿಸುವುದು ಎಲ್ಲ ಕಡೆ ಕಾಣುವ ತಪ್ಪು. ನಿಮ್ಮ ಎಂಟು ಮಂದಿಯಲ್ಲಿ ಸವಾರಿ ಕಡಿಮೆ ಬರುವವರು ಯಾರೋ ಅವರನ್ನು, ಅವರದೇ ಗಾಡಿಯಲ್ಲಿ, ಹಳದಿ ದಾರಿಗೆ ಬಿಡಿ. ಅವರು ತಡವರಿಸಿದ ಜಾಗದಲ್ಲಿ ಟೇಪನ್ನು ಒಂದು ಹೆಜ್ಜೆ ಅಗಲಿಸಿ. ಇನ್ನೊಂದು ಸಂಗತಿ: ಕೊಡಗಿನ ತೋಡಿನ ಕಲ್ಲು ಬೆಳಿಗ್ಗೆ ಎಂಟಕ್ಕೆ ಒಂದು ಕಲ್ಲು, ಮಧ್ಯಾಹ್ನ ಒಂದಕ್ಕೆ ಬೇರೆಯದೇ ಕಲ್ಲು. ಇಬ್ಬನಿ ಕೂತ ಪಾಚಿಯ ಮೇಲೆ ಚಕ್ರ ನಿಲ್ಲುವುದಿಲ್ಲ. ಹಾಗಾಗಿ ನೆರಳಿನ ಸೆಕ್ಷನ್‌ಗಳನ್ನು ಹಿಂದಿನ ದಿನ ಮಧ್ಯಾಹ್ನ ನೋಡಿ ಸರಿ ಎನ್ನಬೇಡಿ. ಸ್ಪರ್ಧೆ ಶುರುವಾಗುವ ಹೊತ್ತಿಗೇ ನೋಡಿ.

ನಿಲ್ಲಬಹುದೋ ನಿಲ್ಲಬಾರದೋ ಎಂಬುದು ಈ ಕ್ರೀಡೆಯ ಹಳೆಯ ಜಗಳ. ವಿಶ್ವ ಚಾಂಪಿಯನ್‌ಷಿಪ್‌ನಲ್ಲೇ ನಿಯಮ ಅತ್ತಿಂದಿತ್ತ ಹೋಗಿ, 2013ರಲ್ಲಿ ಸೆಕ್ಷನ್ ಒಳಗೆ ನಿಲ್ಲಬಾರದೆಂಬ ನಿಯಮ ಮರಳಿ ಬಂತು. ನಿಲ್ಲಲು ಬಿಟ್ಟರೆ ನಿಂತಲ್ಲೇ ಗಾಡಿಯನ್ನು ಕುಪ್ಪಳಿಸಿ ತಿರುಗಿಸುವವರಿಗೆ ಲಾಭ. ಅದಕ್ಕೆ ಹಗುರವಾದ ವಿಶೇಷ ಗಾಡಿ ಬೇಕು, ವರ್ಷಗಳ ಅಭ್ಯಾಸ ಬೇಕು. ಸಾಮಾನ್ಯ ಗಾಡಿಯವರು ಹೆಚ್ಚಿರುವ ನಿಮ್ಮಲ್ಲಿ ನಿಲ್ಲದೆ ಸಾಗುವ ನಿಯಮವೇ ಹೊಂದುತ್ತದೆ. ಆದರೆ ಹಳದಿ ವರ್ಗಕ್ಕೆ ಒಂದು ರಿಯಾಯಿತಿ ಕೊಡಿ: ಕಾಲೂರಿ ಕ್ಷಣ ನಿಂತರೂ ಅದು ಒಂದೇ ಅಂಕ, ಐದಲ್ಲ. ನಿಯಮಪುಸ್ತಕ ಹಿಡಿದವರು ಮೂಗು ಮುರಿಯಬಹುದು. ಮೊದಲ ಸಲ ಬಂದವನು ಉಸಿರು ತೆಗೆದುಕೊಂಡು ಮುಂದಿನ ಬೇರನ್ನು ನೋಡಲು ಆ ಕ್ಷಣ ಬೇಕೇ ಬೇಕು.

ಇನ್ನು ಗಾಡಿಯ ಮಾತು. ನಿಜವಾದ ಟ್ರಯಲ್ಸ್ ಗಾಡಿ ಎಪ್ಪತ್ತು ಕಿಲೋ ಆಸುಪಾಸು ತೂಗುತ್ತದೆ, ಅದಕ್ಕೆ ಸೀಟೇ ಇರುವುದಿಲ್ಲ, ಹಿಂದಿನ ಟಯರಿನಲ್ಲಿ ನಾಲ್ಕೈದು ಪಿಎಸ್‌ಐ ಗಾಳಿ. ಮಾಂಟೆಸಾ, ಗ್ಯಾಸ್‌ಗ್ಯಾಸ್, ಶೆರ್ಕೊ, ಬೀಟಾ ಎಂಬ ಹೆಸರುಗಳನ್ನು ನಿಮ್ಮ ಹುಡುಗರು ಮೊಬೈಲ್‌ನಲ್ಲಿ ನೋಡಿರುತ್ತಾರೆ. 2007ರಿಂದ ವಿಶ್ವ ಪಟ್ಟವನ್ನು ಬಿಟ್ಟುಕೊಡದೆ ಬಂದ ಸ್ಪೇನ್‌ನ ಟೋನಿ ಬೋವ್ ಮನೆಯೆತ್ತರದ ಬಂಡೆ ಹತ್ತುವುದನ್ನೂ ನೋಡಿರುತ್ತಾರೆ. ಅದನ್ನು ನೋಡಿಯೇ ‘ಇದು ನಮ್ಮಿಂದಾಗದು’ ಎಂದು ದೂರ ಉಳಿದವರೂ ಇದ್ದಾರೆ. ಆಮದು ಸುಂಕ ಸೇರಿ ಆ ಗಾಡಿಗಳ ಬೆಲೆ ಕಾಫಿ ಬೆಳೆಗಾರನ ಮಗನಿಗೂ ಭಾರವೇ. ಆದ್ದರಿಂದ ನಿಮ್ಮ ಪ್ರಕಟಣೆಯ ಮೊದಲ ಸಾಲೇ ‘ಮನೆಯಲ್ಲಿರುವ ಗಾಡಿಯಲ್ಲಿ ಬನ್ನಿ’ ಎಂದಿರಲಿ. ನಮ್ಮಲ್ಲಿ ದಿನಾ ಓಡುವ ಬುಲೆಟ್‌ಗೂ ಈ ಕ್ರೀಡೆಗೂ ಇರುವ ನಂಟು ಹಳೆಯದು. 1952 ಮತ್ತು 1957ರಲ್ಲಿ ಸ್ಕಾಟ್ಲೆಂಡ್‌ನ ಸಿಕ್ಸ್ ಡೇಸ್ ಟ್ರಯಲ್ ಗೆದ್ದ ಜಾನಿ ಬ್ರಿಟನ್ ಏರಿದ್ದು ರಾಯಲ್ ಎನ್‌ಫೀಲ್ಡ್. ಆ ನೆನಪಿಗೇ ಕಂಪನಿ 2019ರಲ್ಲಿ ಭಾರತದಲ್ಲಿ ಬುಲೆಟ್ ಟ್ರಯಲ್ಸ್ ಎಂಬ ಮಾದರಿಯನ್ನು ತಂದಿತು. ಹಾಗೆಂದು ಹೊಸಬರಿಗೆ ಬುಲೆಟ್ ಏರಲು ನಾನು ಹೇಳುವುದಿಲ್ಲ. ಅಷ್ಟು ತೂಕ ಮಗುಚಿದರೆ ಎತ್ತಲು ಇಬ್ಬರು ಬೇಕು. ಹಳೆಯ ನೂರು ಸಿಸಿಯ ಟೂ ಸ್ಟ್ರೋಕ್ ಗಾಡಿಗಳು ಇಂದಿಗೂ ಇದಕ್ಕೆ ಹೇಳಿ ಮಾಡಿಸಿದಂತಿವೆ. 2019ರಲ್ಲಿ ಬಂದ ಹೀರೊ ಎಕ್ಸ್‌ಪಲ್ಸ್ 200 ತೂಕದ ಗಾಡಿಯಾದರೂ ಮುಂದೆ 21, ಹಿಂದೆ 18 ಇಂಚಿನ ಚಕ್ರ ಇರುವುದರಿಂದ ಕಲ್ಲಿನ ಮೇಲೆ ಚೆನ್ನಾಗಿ ಉರುಳುತ್ತದೆ.

ಹೆಚ್ಚು ಖರ್ಚಿಲ್ಲದ ಕೆಲವು ತಯಾರಿಗಳನ್ನು ಪ್ರಕಟಣೆಯಲ್ಲೇ ತಿಳಿಸಿ. ಮುಂದಿನ ಸ್ಪ್ರಾಕೆಟ್‌ನಲ್ಲಿ ಒಂದು ಹಲ್ಲು ಕಡಿಮೆ ಮಾಡಿದರೆ ಹಿಂದೆ ಸುಮಾರು ಮೂರು ಹಲ್ಲು ಹೆಚ್ಚಿಸಿದಷ್ಟು ಫಲ. ಮೊದಲ ಗೇರಿನಲ್ಲಿ ಗಾಡಿ ನಡಿಗೆಯ ವೇಗಕ್ಕೆ ಇಳಿಯುತ್ತದೆ, ಕ್ಲಚ್ ಸುಡುವುದು ತಪ್ಪುತ್ತದೆ. ಟ್ಯೂಬ್ ಇರುವ ಟಯರಿನ ಗಾಳಿಯನ್ನು ನಾಲ್ಕೈದು ಪಿಎಸ್‌ಐವರೆಗೆ ಇಳಿಸುವಂತಿಲ್ಲ. ಟಯರ್ ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ. ಹನ್ನೆರಡರಿಂದ ಹದಿನೈದರವರೆಗೆ ಇಳಿಸಿದರೆ ಸಾಕು. ಸಂಜೆ ರಸ್ತೆಗೆ ಇಳಿಯುವ ಮುನ್ನ ಗಾಳಿ ತುಂಬಲು ಒಂದು ಪಂಪನ್ನು ನೀವೇ ಇಡಿ. ಹೆಲ್ಮೆಟ್, ಕೈಗವಸು, ಕಣಕಾಲು ಮುಚ್ಚುವ ಬೂಟು ಇಲ್ಲದವರನ್ನು ಒಳಗೆ ಬಿಡಬೇಡಿ. ಬಿದ್ದಾಗ ಇಂಜಿನ್ ಆರುವಂತೆ ಮಣಿಕಟ್ಟಿಗೆ ಕಟ್ಟುವ ಸ್ವಿಚ್ ಇದ್ದರೆ ಇನ್ನೂ ಒಳ್ಳೆಯದು. ಭಾರದ ಗಾಡಿ ಮಗುಚುವ ಬದಿಯಲ್ಲಿ ಚೂಪಾದ ಕಲ್ಲು, ಕತ್ತರಿಸಿದ ಕಾಫಿ ಗಿಡದ ಬೊಡ್ಡೆ ಇರದಂತೆ ನೋಡಿಕೊಳ್ಳುವುದು ಸೆಕ್ಷನ್ ಹಾಕುವವರ ಹೊಣೆ. ಕಾಫಿ ಬೊಡ್ಡೆಯನ್ನು ಎರಡು ಸಲ ಹೇಳಿದರೂ ಹೆಚ್ಚಲ್ಲ.

ಅಬ್ಸರ್ವರ್‌ಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ, ಸವಾರರು ಬೇಸತ್ತು ಹೋಗುವುದು ಮಾತ್ರ ಅಲ್ಲಿಯೇ. ಲೆಕ್ಕ ನೋಡಿ. ಮೂವತ್ತು ಸವಾರರು, ಮೂರು ಸುತ್ತು ಎಂದರೆ ಒಂದು ಸೆಕ್ಷನ್‌ನಲ್ಲಿ ತೊಂಬತ್ತು ಸವಾರಿ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೂ ಎರಡು ಕಾಲು ಗಂಟೆ ಬಿಡುವಿಲ್ಲದ ಕೆಲಸ. ಎಲ್ಲರನ್ನೂ ಒಂದನೆಯ ಸೆಕ್ಷನ್‌ನಿಂದಲೇ ಬಿಟ್ಟರೆ ಕೊನೆಯವನು ಬಿಸಿಲಿನಲ್ಲಿ ಮುಕ್ಕಾಲು ಗಂಟೆ ಕಾಯುತ್ತಾನೆ. ಮೂರು ಮೂರು ಮಂದಿಯನ್ನು ಬೇರೆ ಬೇರೆ ಸೆಕ್ಷನ್‌ನಿಂದ ಆರಂಭಿಸಿ. ಹತ್ತು ಗುಂಪು, ಹತ್ತು ಸೆಕ್ಷನ್, ಕಾಯುವ ಸಾಲೇ ಇರುವುದಿಲ್ಲ. ಅಬ್ಸರ್ವರ್ ಕೆಲಸಕ್ಕೆ ಸವಾರಿ ಗೊತ್ತಿರಬೇಕೆಂದಿಲ್ಲ. ಸವಾರರ ಅಕ್ಕತಂಗಿಯರು, ನಿವೃತ್ತರಾಗಿ ಊರಿಗೆ ಬಂದ ಸೇನೆಯವರು, ಕಾಲೇಜು ಹುಡುಗರು ಅರ್ಧ ಗಂಟೆಯ ತಿಳಿವಳಿಕೆಯಲ್ಲಿ ಸಿದ್ಧರಾಗುತ್ತಾರೆ. ಬಹುಮಾನಕ್ಕೆಂದು ಇಟ್ಟ ಹಣವನ್ನು ಅವರ ಮೇಲೆ ಖರ್ಚು ಮಾಡಿ. ಕುರ್ಚಿ, ಕೊಡೆ, ಹೊತ್ತಿಗೆ ಸರಿಯಾಗಿ ಕಾಫಿ, ಮಧ್ಯಾಹ್ನ ಬಿಸಿ ಕಡಂಬುಟ್ಟು ಮತ್ತು ಪಂದಿಕರಿ. ಸವಾರರಿಗೂ ಅದೇ ಪಂಕ್ತಿಯಲ್ಲಿ ಊಟ ಹಾಕಿ. ಮೊದಲ ಬಹುಮಾನ ಹತ್ತು ಸಾವಿರದಿಂದ ಇಪ್ಪತ್ತು ಸಾವಿರಕ್ಕೆ ಏರಿದರೆ ಅದು ತಲುಪುವುದು ಈಗಾಗಲೇ ಬರುತ್ತಿರುವ ಒಬ್ಬನಿಗೆ.

ಈ ಕ್ರೀಡೆ ನಮ್ಮ ಊರಿಗೆ ಹೊಂದುವುದಿಲ್ಲವೇ ಎಂದು ಕೇಳಿದ್ದೀರಿ. 1997ರಲ್ಲಿ ಕರಡದಲ್ಲಿ ಪಾಂಡಂಡ ಕುಟ್ಟಪ್ಪನವರು ಕೊಡವ ಕೌಟುಂಬಿಕ ಹಾಕಿಯನ್ನು ಆರಂಭಿಸಿದಾಗ ಸೇರಿದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದ (ಮನೆತನದ) ಆತಿಥ್ಯದಲ್ಲಿ 360 ತಂಡಗಳು ಆಡಿದವು. ಅಲ್ಲಿ ರಾಷ್ಟ್ರೀಯ ಮಟ್ಟದ ಆಟಗಾರನ ಪಕ್ಕದಲ್ಲೇ ಅವನ ಚಿಕ್ಕಪ್ಪ, ಅತ್ತಿಗೆ, ಶಾಲೆಗೆ ಹೋಗುವ ಹುಡುಗಿ ಸ್ಟಿಕ್ ಹಿಡಿದು ಇಳಿಯುತ್ತಾರೆ. ತಂಡ ಮೊದಲ ಸುತ್ತಿನಲ್ಲೇ ಸೋತರೂ ಮುಂದಿನ ವರ್ಷ ಬರುವುದು ಒಕ್ಕದ ಹೆಸರಿಗಾಗಿ. ಇದನ್ನು ಟ್ರಯಲ್ಸ್‌ಗೆ ತರುವುದು ಕಷ್ಟವಲ್ಲ. ಒಂದು ಮನೆಯಿಂದ ಅಥವಾ ಒಂದು ಊರಿನಿಂದ ಮೂವರ ತಂಡ: ಒಬ್ಬರು ಕೆಂಪು, ಒಬ್ಬರು ನೀಲಿ, ಒಬ್ಬರು ಹಳದಿ ದಾರಿಯಲ್ಲಿ. ಮೂವರ ಅಂಕವೂ ಸಮನಾಗಿ ಕೂಡಬೇಕು. ಆಗ ಕೆಂಪು ದಾರಿಯ ಸವಾರನೇ ತನ್ನ ತಂಗಿಯನ್ನೋ ಭಾವನನ್ನೋ ಹಳದಿ ದಾರಿಗೆ ಹುಡುಕಿ ತರುತ್ತಾನೆ, ವಾರಗಟ್ಟಲೆ ಅಂಗಳದಲ್ಲಿ ಕಲಿಸುತ್ತಾನೆ. ನೀವು ಎಷ್ಟು ಪ್ರಕಟಣೆ ಹಾಕಿದರೂ ಆಗದ ಕೆಲಸ ಅದು. ಆತಿಥ್ಯವೂ ವರ್ಷಕ್ಕೊಂದು ತೋಟಕ್ಕೆ ಸರಿಯಲಿ.

ಹೆಣ್ಣುಮಕ್ಕಳಿಗೆ ಬೇರೆ ವರ್ಗ ಬೇಕೇ ಎಂದು ಹಲವರು ಕೇಳುತ್ತಾರೆ. ಮೊದಲ ಎರಡು ವರ್ಷ ಬೇಡ ಎನ್ನುತ್ತೇನೆ. ಟ್ರಯಲ್ಸ್‌ನಲ್ಲಿ ತೋಳಿನ ಬಲಕ್ಕಿಂತ ತೂಕ ಎಲ್ಲಿಡಬೇಕೆಂಬ ತಿಳಿವು ದೊಡ್ಡದು. ಮೂವರು ಬಂದಾಗ ಬೇರೆ ವರ್ಗ ಮಾಡಿದರೆ ಮೂವರಿಗೂ ಪದಕ ಸಿಗುತ್ತದೆ, ಯಾರಿಗೂ ಸ್ಪರ್ಧೆ ಸಿಗುವುದಿಲ್ಲ. ಮಕ್ಕಳಿಗೆ ಮಾತ್ರ ಬೇರೆ ದಾರಿ ಬೇಕು, ಅದು ಸೈಕಲ್. ಸ್ಪೇನ್‌ನ ಕೆಟಲೋನಿಯಾದಲ್ಲಿ ಪೆರೆ ಪಿ ಎಂಬ ಮೋಟಾರ್‌ಸೈಕಲ್ ಸವಾರ ತನ್ನ ಮಗ ಬೇಗ ಕಲಿಯಲೆಂದು ಸೈಕಲ್‌ನಲ್ಲಿ ಟ್ರಯಲ್ಸ್ ಮಾಡಿಸಿದ್ದರಿಂದಲೇ ಸೈಕಲ್ ಟ್ರಯಲ್ಸ್ ಎಂಬ ಕ್ರೀಡೆ ಬೆಳೆಯಿತು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕಾಫಿ ಕಣದ ಮೇಲೆ ನಾಲ್ಕು ಮರದ ದಿಮ್ಮಿ, ಎರಡು ಹಲಗೆ ಇಟ್ಟು ಮಕ್ಕಳನ್ನು ಬಿಡಿ. ಅದೇ ಕಾಲೂರುವ ಲೆಕ್ಕ, ಅದೇ ಕಾರ್ಡು.

ಸೆಕ್ಷನ್‌ಗಳಿಗೆ ಸಂಖ್ಯೆಯ ಜೊತೆಗೆ ಹೆಸರಿಡಿ. ಸ್ಕಾಟ್ಲೆಂಡ್‌ನಲ್ಲಿ ‘ಪೈಪ್‌ಲೈನ್’ ಎಂದರೆ ಸಾಕು, ಯಾವ ಗುಡ್ಡ, ಎಂಥ ಏರು ಎಂದು ಸವಾರರಿಗೆಲ್ಲ ಗೊತ್ತು. ಜಲವಿದ್ಯುತ್ತಿನ ಕೊಳವೆಗಳ ಪಕ್ಕದ ಕಡಿದಾದ ದಾರಿ ಅದು. ನಿಮ್ಮ ತೋಟದಲ್ಲೂ ಪಲ್ಪರ್ ಮೆಟ್ಟಿಲು, ಹಲಸಿನ ಬೇರು, ಇಂಬಳದ ತೋಡು ಇದ್ದೇ ಇರುತ್ತವೆ. ಹೆಸರು ಇದ್ದರೆ ವರ್ಷವಿಡೀ ಅಂಗಡಿಯ ಮುಂದೆ ಆ ಸೆಕ್ಷನ್‌ನ ಮಾತು ನಡೆಯುತ್ತದೆ. ನೋಡುಗರನ್ನು ಕೆಂಪು ದಾರಿ ಎದ್ದು ಕಾಣುವ ಎರಡು ಸೆಕ್ಷನ್‌ಗಳ ಬಳಿ ನಿಲ್ಲಿಸಿ. ಹೊಸಬ ಮೊದಲ ಸಲ ಕಾಲೂರುವಾಗ ಅವನ ಮೇಲೆ ಇನ್ನೂರು ಕಣ್ಣು ಇರುವುದು ಬೇಡ.

ನೆಲದ ವಿಷಯ ಇಲ್ಲಿ ಎಲ್ಲಕ್ಕಿಂತ ಸೂಕ್ಷ್ಮ. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡವರು ನಾವು. ಬರೆಯ ಮೇಲಿನ ಹುಲ್ಲು ಕಿತ್ತು ಗಾಲಿಯ ಚಾಲು ಬಿದ್ದರೆ ಮುಂದಿನ ಮಳೆಯ ನೀರು ಅದೇ ಚಾಲಿನಲ್ಲಿ ಇಳಿಯುತ್ತದೆ. ಮೂರನೆಯ ಸೆಕ್ಷನ್‌ನ ಬರೆ ಮಣ್ಣಿನದಾದರೆ ನೇರ ಏರುವ ದಾರಿಯನ್ನು ಬಿಡಿ, ಕಲ್ಲಿರುವ ಕಡೆಗೆ ಸರಿಸಿ. ಸ್ಪರ್ಧೆ ಮುಗಿದ ಮರುದಿನವೇ ಚಾಲು ಮುಚ್ಚಿ ಸೊಪ್ಪು ಹರಡಿ. ಹರಿಯುವ ತೋಡಿನೊಳಗೆ ಗಾಡಿ ಇಳಿಸಬೇಡಿ, ಕೆಳಗಿನ ಮನೆಯವರು ಅದನ್ನೇ ಕುಡಿಯುತ್ತಾರೆ. ಒಣಗಿದ ಪಾತ್ರವಾದರೆ ಮಾತ್ರ ಸರಿ. ದೇವರಕಾಡು, ಅರಣ್ಯದ ಅಂಚು, ಪೈಸಾರಿ (ಸರ್ಕಾರಿ) ಜಾಗ ಯಾವುದೂ ಬೇಡ. ತೋಟದ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಪೊಲೀಸ್ ಠಾಣೆಗೆ, ಪಂಚಾಯಿತಿಗೆ ಮೊದಲೇ ತಿಳಿಸಿ. ಆನೆ ಓಡಾಡುವ ಕಡೆಯಾದರೆ ಅರಣ್ಯ ಸಿಬ್ಬಂದಿಗೂ ಹೇಳಿ, ಬೆಳಕು ಹರಿದ ಮೇಲೆಯೇ ಆರಂಭಿಸಿ. ಆಂಬುಲೆನ್ಸ್ ತೋಟದೊಳಗೇ ನಿಂತಿರಲಿ. ಸ್ಪರ್ಧೆ ದೊಡ್ಡದಾಗುತ್ತಿದ್ದಂತೆ ಚೆನ್ನೈನಲ್ಲಿರುವ ಮೋಟಾರ್ ಸ್ಪೋರ್ಟ್ಸ್ ಫೆಡರೇಷನ್‌ನ ಮಾನ್ಯತೆ ಮತ್ತು ವಿಮೆಯ ದಾರಿ ಹಿಡಿಯಿರಿ.

ಕೊನೆಗೆ, ಏಪ್ರಿಲ್. ಆ ತಿಂಗಳಲ್ಲಿ ಊರಿನ ಅರ್ಧ ಹುಡುಗರು ಹಾಕಿ ಮೈದಾನದಲ್ಲಿರುತ್ತಾರೆ, ಉಳಿದರ್ಧ ಗ್ಯಾಲರಿಯಲ್ಲಿ. ಹನ್ನೆರಡು ಮಂದಿ ಬಂದದ್ದೇ ಹೆಚ್ಚು ಎನ್ನಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ ಒಪ್ಪುವುದಿಲ್ಲ. ಡಿಸೆಂಬರ್‌ಗೆ ಹೋದರೆ ಕಾಫಿ ಕೊಯ್ಲು. ಕಣವೂ ಸಿಗುವುದಿಲ್ಲ, ಆಳೂ ಸಿಗುವುದಿಲ್ಲ. ತುಲಾ ಸಂಕ್ರಮಣ ಕಳೆದು ಕೊಯ್ಲು ಬಿರುಸಾಗುವ ಮೊದಲು ಮೂರು ನಾಲ್ಕು ಭಾನುವಾರಗಳಿವೆ. ಮಳೆ ಹಿಂದೆ ಸರಿದಿರುತ್ತದೆ, ಮಣ್ಣಿನಲ್ಲಿ ಇನ್ನೂ ತೇವವಿರುವುದರಿಂದ ದೂಳೇಳುವುದಿಲ್ಲ, ಚಕ್ರಕ್ಕೆ ಹಿಡಿತ ಸಿಗುತ್ತದೆ. ಅದರಲ್ಲೊಂದನ್ನು ಈಗಲೇ ಗೊತ್ತುಮಾಡಿ ಎಲ್ಲರಿಗೂ ತಿಳಿಸಿ. ಮೂರನೆಯ ಸೆಕ್ಷನ್‌ನ ಹಳದಿ ದಾರಿಗೆ ಟೇಪ್ ಕಟ್ಟುವ ದಿನ ಕರೆದರೆ ಬರುತ್ತೇನೆ. ಸ್ಪರ್ಧೆಯ ದಿನ ಅಲ್ಲಿ ಅಬ್ಸರ್ವರ್ ಬೇಕಿದ್ದರೆ ಒಂದು ಕುರ್ಚಿ ನನಗಿರಲಿ.